ವಿಎಂ ಡಿಸ್ಕ್ ಇಮೇಜ್: ಯಾವ ಫಾರ್ಮ್ಯಾಟ್ ಇಟ್ಟುಕೊಳ್ಳಬೇಕು, ಯಾವ ಕಮಾಂಡ್ ಬಳಸಬೇಕು?

ವರ್ಚುವಲ್ ಮೆಷಿನ್ (ವಿಎಂ) ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್. ಅದರ ಡಿಸ್ಕ್ ಅಂದರೆ ಹೆಚ್ಚಿನ ಸಲ ಒಂದು ಫೈಲ್, ಅಷ್ಟೇ. ಕಾಪಿ ಮಾಡಬಹುದು, ಬೇರೆ ಲ್ಯಾಪ್‌ಟಾಪಿಗೆ ಒಯ್ಯಬಹುದು, ಬೇಡವಾದರೆ ಅಳಿಸಬಹುದು. ಮೌಸ್ ಒತ್ತಿ ವಿಎಂ ಮಾಡಿಕೊಳ್ಳುವಷ್ಟು ಕಾಲ ಆ ಫೈಲ್ ಯಾವ ಜಾತಿಯದು ಅಂತ ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಡಿಸ್ಕ್ ತುಂಬಿದಾಗ, ಸರ್ವರ್ ಬದಲಾದಾಗ, ಇಲ್ಲವೇ 256 ಜಿಬಿ ಎಸ್‌ಎಸ್‌ಡಿಯಲ್ಲಿ ನಾಲ್ಕು ವಿಎಂ ಹಿಡಿಸಬೇಕಾದಾಗ ಕಮಾಂಡ್ ಲೈನಿಗೆ ಇಳಿಯಲೇಬೇಕು.

ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ಈ ಇಮೇಜ್ (ಅಂದರೆ ಆ ಡಿಸ್ಕ್ ಫೈಲ್) ಯಾವ ಹೈಪರ್‌ವೈಸರ್‌ನಲ್ಲಿ, ಅಂದರೆ ವಿಎಂ ಓಡಿಸುವ ಯಾವ ಸಾಫ್ಟ್‌ವೇರ್‌ನಲ್ಲಿ, ಓಡುತ್ತದೆ? ಅದರ ಕೆಳಗಿರುವ ಸ್ಟೋರೇಜ್ ತಾನಾಗಿಯೇ ಏನೇನು ಮಾಡಬಲ್ಲದು? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ, ಆದರೆ ಆಯ್ಕೆ ತೀರ್ಮಾನವಾಗುವುದು ಜಾಸ್ತಿ ಅಲ್ಲೇ.

ಅವಸರದಲ್ಲಿ ಇರುವವರಿಗೆ ಈಗಲೇ ಹೇಳಿಬಿಡುತ್ತೇನೆ. ಲಿನಕ್ಸ್, ಅದರದೇ ಹೈಪರ್‌ವೈಸರ್ ಆದ ಕೆವಿಎಂ, ಮಾಮೂಲಿ ಫೋಲ್ಡರ್‌ನಲ್ಲಿ ಇಮೇಜ್ ಇಡುತ್ತೀರಾ? ಕ್ಯೂಕೌ2 ಸಾಕು. ಎಲ್‌ವಿಎಂ ಥಿನ್, ಜಡ್‌ಎಫ್‌ಎಸ್ ಇಂಥ, ಸ್ನ್ಯಾಪ್‌ಶಾಟ್ (ಮತ್ತೆ ಹಿಂದಿರುಗಲು ಹಿಡಿದಿಟ್ಟ ಡಿಸ್ಕಿನ ಸ್ಥಿತಿ) ತಾವೇ ತೆಗೆಯಬಲ್ಲ ಸ್ಟೋರೇಜ್ ಮೇಲೆ ಇಡುತ್ತೀರಾ? ರಾ. ವರ್ಚುವಲ್‌ಬಾಕ್ಸ್ ಆದರೆ ವಿಡಿಐ, ಹೈಪರ್-ವಿ ಆದರೆ ವಿಎಚ್‌ಡಿಎಕ್ಸ್. ಕಮಾಂಡ್ ವಿಷಯದಲ್ಲಿ ನನ್ನ ನಿಯಮ ಸರಳ: ದಿನನಿತ್ಯದ ಕೆಲಸಕ್ಕೆ ಆಯಾ ಹೈಪರ್‌ವೈಸರ್‌ನದೇ ಟೂಲ್, ಒಂದು ಫಾರ್ಮ್ಯಾಟ್‌ನಿಂದ ಇನ್ನೊಂದಕ್ಕೆ ದಾಟಿಸುವಾಗ ಮಾತ್ರ ಕ್ಯೂಎಮು-ಐಎಂಜಿ (ಕೆವಿಎಂ ಜೊತೆ ಬಳಸುವ ಕ್ಯೂಎಮು ಸಾಫ್ಟ್‌ವೇರ್‌ನ ಡಿಸ್ಕ್ ಇಮೇಜ್ ಟೂಲ್).

ರಾ ಮತ್ತು ಕ್ಯೂಕೌ2

ರಾ ಅಂದರೆ ಗೆಸ್ಟ್ (ವಿಎಂ ಒಳಗೆ ಓಡುವ ಓಎಸ್) ನೋಡುವ ಡಿಸ್ಕಿನ ಬೈಟ್‌ಗಳು ಇದ್ದ ಹಾಗೇ. ಹೆಡರ್ ಇಲ್ಲ, ಟೇಬಲ್ ಇಲ್ಲ. 40 ಜಿಬಿ ರಾ ಇಮೇಜ್ ಮಾಡಿದರೆ ಅದು ತಕ್ಷಣ 40 ಜಿಬಿ ತಿಂದುಬಿಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ ಮೇಲೆ ಅದು ಸ್ಪಾರ್ಸ್ ಫೈಲ್ ಆಗಿರುತ್ತದೆ. ಬರೆದಷ್ಟು ಮಾತ್ರ ಜಾಗ ಹಿಡಿಯುತ್ತದೆ. ಎಲ್‌ಎಸ್ ಕಮಾಂಡ್ 40 ಜಿಬಿ ಅನ್ನುತ್ತದೆ, ಡಿಯು ಕಮಾಂಡ್ ನಿಜವಾಗಿ ಬಳಕೆಯಾದ ಜಾಗ ಹೇಳುತ್ತದೆ. ಎರಡೂ ಸುಳ್ಳಲ್ಲ.

ಕಷ್ಟ ಬರುವುದು ಸಾಗಿಸುವಾಗ. ಎಸ್‌ಸಿಪಿಯಲ್ಲಿ ಕಳಿಸಿದರೆ ಖಾಲಿ ಜಾಗವೂ ಸೊನ್ನೆಗಳಾಗಿ ಹೋಗುತ್ತದೆ, ಆ ಕಡೆ ಪೂರ್ತಿ 40 ಜಿಬಿ ಕೂತುಬಿಡುತ್ತದೆ. ಆರ್‌ಸಿಂಕ್‌ಗೆ ಸ್ಪಾರ್ಸ್ ಆಯ್ಕೆ ಕೊಟ್ಟರೆ ಆ ಕಡೆಯ ಜಾಗ ಉಳಿಯುತ್ತದೆ. ಟಾರ್‌ಗೂ ಅಂಥದ್ದೇ ಆಯ್ಕೆ ಇದೆ. ಇದನ್ನೆಲ್ಲ ನೆನಪಿಟ್ಟುಕೊಳ್ಳುವುದು ಬೇಡ ಅನ್ನುವವರಿಗೆ ಕ್ಯೂಕೌ2 ವಾಸಿ. ಅದರ ಫೈಲ್ ನಿಜವಾಗಿಯೂ ಚಿಕ್ಕದು, ಯಾವುದರಲ್ಲಿ ಕಾಪಿ ಮಾಡಿದರೂ ಚಿಕ್ಕದೇ.

ಕ್ಯೂಕೌ2 ಡಿಸ್ಕನ್ನು ಕ್ಲಸ್ಟರ್‌ಗಳಾಗಿ ಹೋಳು ಮಾಡುತ್ತದೆ. ಡೀಫಾಲ್ಟ್ ಅಳತೆ 64 ಕೆಬಿ. ಯಾವ ಕ್ಲಸ್ಟರ್ ಫೈಲಿನಲ್ಲಿ ಎಲ್ಲಿ ಕೂತಿದೆ ಅನ್ನುವ ಲೆಕ್ಕವನ್ನು ಟೇಬಲ್‌ಗಳಲ್ಲಿ ಇಡುತ್ತದೆ. ಈ ಟೇಬಲ್ ಇರುವುದರಿಂದಲೇ ಸ್ನ್ಯಾಪ್‌ಶಾಟ್, ಬ್ಯಾಕಿಂಗ್ ಫೈಲ್ (ಇನ್ನೊಂದು ಇಮೇಜನ್ನು ತಳವಾಗಿ ಬಳಸುವುದು), ಕಂಪ್ರೆಷನ್, ಲಕ್ಸ್ ಎನ್‌ಕ್ರಿಪ್ಷನ್ ಎಲ್ಲ ಸಾಧ್ಯ. ನಿಧಾನ ಅನ್ನುವ ಹಳೆಯ ಅಪವಾದ ಬಂದಿದ್ದೂ ಇದರಿಂದಲೇ. ಒಂದೊಂದು ಕ್ಲಸ್ಟರ್‌ಗೆ ಟೇಬಲಿನಲ್ಲಿ 8 ಬೈಟ್ ಬೇಕು. ಆ ಲೆಕ್ಕದಲ್ಲಿ ಟೇಬಲ್ ಇಟ್ಟುಕೊಳ್ಳಲು ಮೆಮೊರಿಯಲ್ಲಿ 1 ಎಂಬಿ ಕ್ಯಾಶ್ ಇದ್ದರೆ 8 ಜಿಬಿ ಡಿಸ್ಕಿಗೆ ಸಾಕಾಗುತ್ತದೆ. ಹಿಂದೆ ಡೀಫಾಲ್ಟ್ ಕ್ಯಾಶ್ ತೀರಾ ಚಿಕ್ಕದಿತ್ತು, ದೊಡ್ಡ ಡಿಸ್ಕ್ ಆದರೆ ಪ್ರತಿ ಓದಿಗೂ ಟೇಬಲಿಗೆ ಹೋಗಿ ಬರಬೇಕಿತ್ತು. ಕ್ಯೂಎಮು 3.1ರಿಂದ ಲಿನಕ್ಸ್‌ನಲ್ಲಿ ಅದು 32 ಎಂಬಿವರೆಗೆ ಹೋಗುತ್ತದೆ. ಅಂದರೆ 256 ಜಿಬಿ ಡಿಸ್ಕಿನ ತನಕ ಚಿಂತೆ ಇಲ್ಲ. ಹತ್ತು ವರ್ಷ ಹಳೆಯ ಬೆಂಚ್‌ಮಾರ್ಕ್ ತೋರಿಸಿ ಕ್ಯೂಕೌ2 ಬೇಡ ಅನ್ನುವವರ ಮಾತಿಗೆ ಈಗ ತೂಕ ಕಡಿಮೆ. ಗೆಸ್ಟ್‌ಗೆ ವಿಎಂಗಳಿಗೆಂದೇ ಮಾಡಿದ ವರ್ಟ್‌ಐಒ ಡಿಸ್ಕ್ ಕೊಟ್ಟಿದ್ದೀರೋ ಅಥವಾ ಹಳೆಯ ಐಡಿಇ ಕೊಟ್ಟಿದ್ದೀರೋ ಅನ್ನುವುದೇ ವೇಗಕ್ಕೆ ಇದಕ್ಕಿಂತ ದೊಡ್ಡ ವಿಷಯ.

ಹಾಗಾದರೆ ರಾ ಯಾವಾಗ? ಕೆಳಗಿನ ಸ್ಟೋರೇಜೇ ಸ್ನ್ಯಾಪ್‌ಶಾಟ್ ತೆಗೆಯಬಲ್ಲದು ಅಂದಾಗ. ಎಲ್‌ವಿಎಂ ಥಿನ್, ಜಡ್‌ಎಫ್‌ಎಸ್, ಸೆಫ್ ಇವೆಲ್ಲ ಆ ಕೆಲಸವನ್ನು ತಾವೇ ಮಾಡುತ್ತವೆ. ಅದರ ಮೇಲೆ ಮತ್ತೆ ಕ್ಯೂಕೌ2 ಕೂರಿಸಿದರೆ ಒಂದೇ ಕೆಲಸ ಎರಡು ಸಲ ಆಗುತ್ತದೆ. ಕೆವಿಎಂ ಬಳಸುವ ಪ್ರಾಕ್ಸ್‌ಮಾಕ್ಸ್, ಎಲ್‌ವಿಎಂ ಥಿನ್ ಮೇಲೆ ರಾ ಡಿಸ್ಕನ್ನೇ ಮಾಡುವುದು ಇದೇ ಕಾರಣಕ್ಕೆ. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂ ಮೇಲೆ ಇಮೇಜ್ ಇಡುವವರು ಇನ್ನೊಂದು ನೋಡಿಕೊಳ್ಳಬೇಕು. ಅಲ್ಲಿ ವಿಎಂ ಇಮೇಜ್ ಬೇಗ ಚೂರುಚೂರಾಗಿ ಹಂಚಿಹೋಗುತ್ತದೆ. ಖಾಲಿ ಫೋಲ್ಡರ್‌ಗೆ ಚಾಟ್‌ಆಟರ್ ಕಮಾಂಡ್‌ನಿಂದ ಪ್ಲಸ್ ಕ್ಯಾಪಿಟಲ್ ಸಿ ಗುರುತು ಹಾಕಿ, ಆಮೇಲೆ ಅದರೊಳಗೆ ಇಮೇಜ್ ಮಾಡಿದರೆ ಇದು ತಪ್ಪುತ್ತದೆ. ಮೊದಲೇ ಇರುವ ಫೈಲಿಗೆ ಹಾಕಿದರೆ ಪ್ರಯೋಜನ ಇಲ್ಲ. ಆ ಗುರುತು ಹಾಕಿದ ಫೈಲಿಗೆ ಬಿಟಿಆರ್‌ಎಫ್‌ಎಸ್‌ನ ಚೆಕ್‌ಸಮ್ ರಕ್ಷಣೆಯೂ ಹೋಗುತ್ತದೆ ಅನ್ನುವುದು ಗೊತ್ತಿರಲಿ.

ರಾ ಬಳಸುವವರಿಗೆ ಒಂದು ಎಚ್ಚರಿಕೆ. ಕಮಾಂಡ್ ಕೊಡುವಾಗ ಸಣ್ಣ ಎಫ್ ಆಯ್ಕೆಯಲ್ಲಿ ಇದು ರಾ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕ್ಯೂಎಮು ಫೈಲಿನ ಮೊದಲ ಬೈಟ್‌ಗಳನ್ನು ನೋಡಿ ತಾನೇ ಊಹಿಸುತ್ತದೆ. ಗೆಸ್ಟ್ ಒಳಗಿರುವ ಕಿಡಿಗೇಡಿ ತನ್ನ ಡಿಸ್ಕಿನ ಶುರುವಿನಲ್ಲಿ ಕ್ಯೂಕೌ2 ಹೆಡರ್ ಬರೆದು, ಬ್ಯಾಕಿಂಗ್ ಫೈಲ್ ಅಂತ ಹೋಸ್ಟಿನ (ವಿಎಂ ಓಡಿಸುತ್ತಿರುವ ನಿಜವಾದ ಯಂತ್ರದ) ಯಾವುದೋ ಫೈಲಿನ ಹೆಸರು ಹಾಕಿದ ಅಂದುಕೊಳ್ಳಿ. ಆಮೇಲೆ ನೀವು ಕನ್ವರ್ಟ್ ಮಾಡಿದರೆ ಹೋಸ್ಟಿನ ಆ ಫೈಲ್ ಅವನ ಕೈಗೆ ಸಿಗುತ್ತದೆ.

ಬ್ಯಾಕಿಂಗ್ ಫೈಲ್ ಅಥವಾ ಪೂರ್ತಿ ಕಾಪಿ

ಕ್ಯೂಕೌ2 ಆರಿಸಲು ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದು. ಉಬುಂಟು ಅಥವಾ ಡೆಬಿಯನ್‌ನ ಕ್ಲೌಡ್ ಇಮೇಜ್ (ಓಎಸ್ ಆಗಲೇ ಇನ್‌ಸ್ಟಾಲ್ ಆಗಿರುವ ಡಿಸ್ಕ್ ಇಮೇಜ್) ಒಂದನ್ನು ಇಳಿಸಿಕೊಳ್ಳಿ. ಉಬುಂಟುವಿನದು ಐಎಂಜಿ ಅಂತ ಕೊನೆಯಾಗುತ್ತದೆ, ಆದರೆ ಒಳಗೆ ಕ್ಯೂಕೌ2 ಇರುತ್ತದೆ. ಇನ್ಫೋ ಕಮಾಂಡ್ ಕೊಟ್ಟು ನೋಡಿ. ಈಗ ಅದನ್ನು ತಳದಲ್ಲಿಟ್ಟು ಅದರ ಮೇಲೆ ಐದು ಓವರ್‌ಲೇ ಮಾಡಬಹುದು. ಒಂದೊಂದೂ ಹುಟ್ಟುವಾಗ ಕೆಲವು ನೂರು ಕೆಬಿ ಮಾತ್ರ. ಬದಲಾದ ಕ್ಲಸ್ಟರ್ ಮಾತ್ರ ಓವರ್‌ಲೇಗೆ ಬರುತ್ತದೆ, ಮಿಕ್ಕಿದ್ದನ್ನು ಎಲ್ಲರೂ ತಳದ ಇಮೇಜಿನಿಂದಲೇ ಓದುತ್ತಾರೆ. ಕಾಲೇಜು ಲ್ಯಾಬ್‌ಗೆ, ಕುಬರ್ನೆಟೀಸ್ ಕಲಿಯಲು ಮೂರು ನೋಡ್ ಎಬ್ಬಿಸುವವರಿಗೆ ಇದರಷ್ಟು ಅಗ್ಗದ ದಾರಿ ಇಲ್ಲ.

ಕ್ರಿಯೇಟ್ ಕಮಾಂಡಿನಲ್ಲಿ ಸಣ್ಣ ಬಿ ಆಯ್ಕೆಗೆ ತಳದ ಫೈಲಿನ ಹೆಸರು, ಕ್ಯಾಪಿಟಲ್ ಎಫ್ ಆಯ್ಕೆಗೆ ಅದರ ಫಾರ್ಮ್ಯಾಟ್. 2021ರಲ್ಲಿ ಬಂದ ಕ್ಯೂಎಮು 6.1ರಿಂದ ಈ ಕ್ಯಾಪಿಟಲ್ ಎಫ್ ಕಡ್ಡಾಯ. ಹಳೆಯ ಟ್ಯುಟೋರಿಯಲ್ ನೋಡಿಕೊಂಡು ಟೈಪ್ ಮಾಡುವವರಿಗೆ ಎರರ್ ಬರುವುದು ಇದಕ್ಕೇ. ತಳದ ಫೈಲಿನ ದಾರಿಯನ್ನು ರಿಲೆಟಿವ್ ಆಗಿ ಕೊಟ್ಟರೆ, ಅದನ್ನು ಲೆಕ್ಕ ಹಾಕುವುದು ಓವರ್‌ಲೇ ಇರುವ ಫೋಲ್ಡರಿನಿಂದ. ನೀವು ಕಮಾಂಡ್ ಕೊಟ್ಟ ಜಾಗದಿಂದ ಅಲ್ಲ.

ಷರತ್ತು ಒಂದೇ, ಆದರೆ ಕಠಿಣ. ತಳದ ಇಮೇಜನ್ನು ಮತ್ತೆ ಮುಟ್ಟಬಾರದು. ಅದನ್ನು ಒಂದೇ ಒಂದು ಸಲ ಬೂಟ್ ಮಾಡಿದರೂ ಸಾಕು, ಮೇಲಿನ ಐದೂ ಓವರ್‌ಲೇಗಳ ಫೈಲ್‌ಸಿಸ್ಟಂ ಕೆಡುತ್ತದೆ. ಫೈಲಿಗೆ ರೈಟ್ ಪರ್ಮಿಷನ್ ತೆಗೆದುಬಿಡುವುದು ಒಳ್ಳೆಯದು. ಒಂದು ಓವರ್‌ಲೇಯನ್ನು ಬೇರೆ ಮನೆ ಮಾಡಿಸಬೇಕು ಅನ್ನಿಸಿದರೆ ಕನ್ವರ್ಟ್ ಮಾಡಿ. ತಳದ ಡೇಟಾ ಸೇರಿ ಒಂದೇ ಸ್ವತಂತ್ರ ಫೈಲ್ ಸಿಗುತ್ತದೆ. ರೀಬೇಸ್ ಕಮಾಂಡಿನಲ್ಲೂ ಸಾಧ್ಯ. ಆದರೆ ಅದರ ಸಣ್ಣ ಯು ಆಯ್ಕೆಯನ್ನು, ತಳದ ಫೈಲನ್ನು ಬೇರೆ ಜಾಗಕ್ಕೆ ಸರಿಸಿದ್ದೀರಿ, ಒಳಗಿನದು ಅದೇ ಇದೆ ಅನ್ನುವಾಗ ಮಾತ್ರ ಬಳಸಿ. ಅದು ಡೇಟಾ ನೋಡುವುದೇ ಇಲ್ಲ, ಸುಮ್ನೆ ಹೆಸರು ಬದಲಿಸುತ್ತದೆ.

ಸ್ನ್ಯಾಪ್‌ಶಾಟ್‌ನಲ್ಲೂ ಎರಡು ಬಗೆ. ಇಂಟರ್ನಲ್ ಅಂದರೆ ಅದೇ ಕ್ಯೂಕೌ2 ಫೈಲಿನೊಳಗೆ. ವಿಎಂ ನಿಲ್ಲಿಸಿ, ಕ್ಯೂಎಮು-ಐಎಂಜಿಯ ಸ್ನ್ಯಾಪ್‌ಶಾಟ್ ಕಮಾಂಡಿನಲ್ಲಿ ತೆಗೆಯಬಹುದು, ಹಿಂದಕ್ಕೆ ಹೋಗಬಹುದು. ಏನೋ ಅಪ್‌ಗ್ರೇಡ್ ಮಾಡಿ ನೋಡೋಣ ಅನ್ನುವ ಕೆಲಸಕ್ಕೆ ಹೇಳಿಮಾಡಿಸಿದ್ದು. ಎಕ್ಸ್‌ಟರ್ನಲ್ ಅಂದರೆ ಹೊಸ ಓವರ್‌ಲೇ ಫೈಲ್. ಓಡುತ್ತಿರುವ ವಿಎಂನ ಬ್ಯಾಕಪ್‌ಗೆ ಇದು ಬೇಕು. ಕೆವಿಎಂ ವಿಎಂಗಳನ್ನು ನಿಭಾಯಿಸುವ ವರ್ಶ್ ಕಮಾಂಡಿನಲ್ಲಿ ಡಿಸ್ಕ್-ಓನ್ಲಿ ಆಯ್ಕೆಯ ಸ್ನ್ಯಾಪ್‌ಶಾಟ್ ತೆಗೆದು, ಈಗ ಬರೆಯದೆ ನಿಂತಿರುವ ತಳದ ಫೈಲನ್ನು ಕಾಪಿ ಮಾಡಿ, ಆಮೇಲೆ ಬ್ಲಾಕ್‌ಕಮಿಟ್‌ನಿಂದ ಓವರ್‌ಲೇಯನ್ನು ಮತ್ತೆ ತಳಕ್ಕೆ ಸೇರಿಸುವುದು. ನೆನಪಿಡಿ, ಕನ್ವರ್ಟ್ ಮಾಡಿದಾಗ ಇಂಟರ್ನಲ್ ಸ್ನ್ಯಾಪ್‌ಶಾಟ್‌ಗಳು ಜೊತೆಗೆ ಬರುವುದಿಲ್ಲ. ಈಗಿನ ಸ್ಥಿತಿ ಮಾತ್ರ ಬರುತ್ತದೆ.

ವರ್ಚುವಲ್‌ಬಾಕ್ಸ್‌ನಲ್ಲಿ ಇರುವವರಿಗೆ

ವಿಡಿಐ ಫೈಲನ್ನು ಕ್ಯೂಎಮು-ಐಎಂಜಿ ಓದುತ್ತದೆ, ಕನ್ವರ್ಟ್ ಮಾಡುತ್ತದೆ, ಆದರೆ ಅದರ ಗಾತ್ರ ಹೆಚ್ಚಿಸಲು ಒಪ್ಪುವುದಿಲ್ಲ. ವಿಎಂವೇರ್‌ನ ವಿಎಂಡಿಕೆಗೂ ಅದೇ ಕಥೆ. ಹಾಗಾಗಿ ಇಲ್ಲಿ ವರ್ಚುವಲ್‌ಬಾಕ್ಸ್‌ನದೇ ಟೂಲ್ ಆದ ವಿಬಾಕ್ಸ್‌ಮ್ಯಾನೇಜ್ ಬಿಟ್ಟು ಬೇರೆ ದಾರಿ ಹುಡುಕುವುದು ವ್ಯರ್ಥ. ಮಾಡಿಫೈಮೀಡಿಯಂ ಕಮಾಂಡಿಗೆ ರೀಸೈಜ್ ಆಯ್ಕೆ ಕೊಡಿ. ಸಂಖ್ಯೆ ಎಂಬಿಯಲ್ಲಿ ಇರಬೇಕು, 60 ಜಿಬಿ ಬೇಕಾದರೆ 61440.

ಇನ್ನೊಂದು ವಿಷಯ ಯುಯುಐಡಿ, ಅಂದರೆ ಒಂದೊಂದು ಡಿಸ್ಕಿಗೂ ಇರುವ ಬೇರೆ ಬೇರೆ ಗುರುತಿನ ಸಂಖ್ಯೆ. ವರ್ಚುವಲ್‌ಬಾಕ್ಸ್ ಡಿಸ್ಕನ್ನು ಗುರುತಿಸುವುದು ಫೈಲ್ ಹೆಸರಿನಿಂದ ಅಲ್ಲ, ಒಳಗೆ ಬರೆದಿರುವ ಯುಯುಐಡಿಯಿಂದ. ಸುಮ್ಮನೆ ಫೈಲ್ ಕಾಪಿ ಮಾಡಿ ಎರಡನೇ ವಿಎಂಗೆ ಕೊಟ್ಟರೆ, ಇದು ಆಗಲೇ ಇದೆ ಅಂತ ಜಗಳ ತೆಗೆಯುತ್ತದೆ. ಕ್ಲೋನ್‌ಮೀಡಿಯಂ ಬಳಸಿದರೆ ಹೊಸ ಯುಯುಐಡಿಯೇ ಬರುತ್ತದೆ. ಸ್ನ್ಯಾಪ್‌ಶಾಟ್ ಇರುವ ವಿಎಂ ಆದರೆ ರೀಸೈಜ್‌ಗೆ ಮುಂಚೆ ಈಗಿನ ಸ್ಥಿತಿಯನ್ನು ಹೀಗೆ ಕ್ಲೋನ್ ಮಾಡಿ ಒಂದೇ ಡಿಸ್ಕ್ ಮಾಡಿಕೊಳ್ಳಿ. ತಳದ ವಿಡಿಐ ಒಂದನ್ನೇ ಹಿಗ್ಗಿಸಿದರೆ ಗೆಸ್ಟ್‌ಗೆ ಹಳೆಯ ಗಾತ್ರವೇ ಕಾಣುತ್ತಿರುತ್ತದೆ.

ವಿಎಂವೇರ್‌ನಿಂದ ಹೊರಗೆ ಬರುವಾಗ

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಕೊಂಡ ಮೇಲೆ ಲೈಸೆನ್ಸ್ ಪದ್ಧತಿ ಬದಲಾಯಿತು. ಸಣ್ಣ ಕಂಪನಿಗಳು ಪ್ರಾಕ್ಸ್‌ಮಾಕ್ಸ್, ಕೆವಿಎಂ ಕಡೆ ನೋಡತೊಡಗಿದವು. ಹಾಗಾಗಿ ವಿಎಂಡಿಕೆಯನ್ನು ಕ್ಯೂಕೌ2 ಮಾಡುವುದು ಹೇಗೆ ಅನ್ನುವುದು ಈಗ ದಿನಾ ಕೇಳುವ ಪ್ರಶ್ನೆ.

ವಿಎಂಡಿಕೆ ಅಂದರೆ ಒಂದೇ ಫೈಲ್ ಅಂತ ಹೇಳಲು ಬರುವುದಿಲ್ಲ. ವಿಎಂವೇರ್‌ನ ಸರ್ವರ್ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐಯಲ್ಲಿ ಚಿಕ್ಕದೊಂದು ವಿವರದ ಟೆಕ್ಸ್ಟ್ ಫೈಲ್, ಅದರ ಪಕ್ಕದಲ್ಲಿ ಫ್ಲ್ಯಾಟ್ ಅನ್ನುವ ನಿಜವಾದ ಡೇಟಾ ಫೈಲ್. ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ 2 ಜಿಬಿ ಲೆಕ್ಕದಲ್ಲಿ ಹೋಳುಹೋಳಾಗಿಯೂ ಇರಬಹುದು. ವಿವರದ ಫೈಲಿನಲ್ಲಿ ಮಿಕ್ಕವುಗಳ ಹೆಸರು ಬರೆದಿರುತ್ತದೆ, ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ತರಬೇಕು, ಹೆಸರು ಬದಲಿಸಬಾರದು. ಕನ್ವರ್ಟ್‌ಗೆ ಕೊಡುವುದು ವಿವರದ ಫೈಲನ್ನು. ಓವಿಎ (ಇಡೀ ವಿಎಂನ ಒಂದೇ ಪೊಟ್ಟಣ) ಸಿಕ್ಕಿದರೆ ಅದು ಬರೀ ಟಾರ್ ಫೈಲ್, ಬಿಚ್ಚಿದರೆ ಒಳಗೆ ವಿಎಂಡಿಕೆ ಸಿಗುತ್ತದೆ. ಸ್ನ್ಯಾಪ್‌ಶಾಟ್‌ಗಳನ್ನು ವಿಎಂವೇರ್‌ನಲ್ಲೇ ಅಳಿಸಿ, ಎಲ್ಲ ಒಂದಾದ ಮೇಲೆ ಹೊರಡಿ.

ಇಷ್ಟಾದರೆ ಡಿಸ್ಕ್ ಬಂತು. ಬೂಟ್ ಆಗುತ್ತದೆ ಅನ್ನುವ ಖಾತ್ರಿ ಇನ್ನೂ ಇಲ್ಲ. ವಿಂಡೋಸ್‌ನಲ್ಲಿ ವರ್ಟ್‌ಐಒ ಡ್ರೈವರ್ ಇರುವುದಿಲ್ಲ. ವರ್ಟ್‌ಐಒ ಡಿಸ್ಕ್ ಕೊಟ್ಟ ಕೂಡಲೇ ಬೂಟ್ ಡಿವೈಸ್ ಸಿಗುತ್ತಿಲ್ಲ ಅಂತ ನೀಲಿ ಸ್ಕ್ರೀನ್ ಬರುತ್ತದೆ. ರೆಡ್‌ಹ್ಯಾಟ್ ವಂಶದ ಲಿನಕ್ಸ್‌ನಲ್ಲೂ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಶುರುವಿಗೆ ಬೇಕಾದ ಫೈಲ್‌ಗಳ ಕಟ್ಟು) ಆ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ಇಟ್ಟುಕೊಂಡಿರುತ್ತದೆ. ಇಲ್ಲೇ ಕ್ಯೂಎಮು-ಐಎಂಜಿ ಮತ್ತು ವರ್ಟ್-ವಿ2ವಿ ನಡುವಿನ ವ್ಯತ್ಯಾಸ ಗೊತ್ತಾಗುವುದು. ಮೊದಲನೆಯದು ಡಿಸ್ಕನ್ನು ಮಾತ್ರ ಬದಲಿಸುತ್ತದೆ. ಎರಡನೆಯದು ಗೆಸ್ಟ್ ಒಳಗೆ ಹೋಗಿ ಡ್ರೈವರ್, ಬೂಟ್ ಸೆಟ್ಟಿಂಗ್ ಸರಿಮಾಡುತ್ತದೆ. ಒಂದೆರಡು ಲಿನಕ್ಸ್ ವಿಎಂ ಇದ್ದರೆ ಕ್ಯೂಎಮು-ಐಎಂಜಿ ಸಾಕು. ವಿಂಡೋಸ್ ಸರ್ವರ್‌ಗಳು ಇದ್ದರೆ ವರ್ಟ್-ವಿ2ವಿ ಬಿಟ್ಟು ಬೇರೆಯದನ್ನು ನಾನು ಹೇಳುವುದಿಲ್ಲ. ಮೂಲ ವಿಎಂ ಯುಇಎಫ್‌ಐನಲ್ಲಿ ಇತ್ತೋ ಬಯೋಸ್‌ನಲ್ಲಿ ಇತ್ತೋ ಬರೆದಿಟ್ಟುಕೊಳ್ಳಿ. ಹೊಸ ಜಾಗದಲ್ಲೂ ಅದನ್ನೇ ಕೊಡಬೇಕು.

ವಿಎಚ್‌ಡಿ, ವಿಎಚ್‌ಡಿಎಕ್ಸ್

ಮೈಕ್ರೋಸಾಫ್ಟ್‌ನ ಹಳೆಯ ವಿಎಚ್‌ಡಿಯ ಮಿತಿ 2040 ಜಿಬಿ. ವಿಂಡೋಸ್ ಸರ್ವರ್ 2012ರ ಜೊತೆ ಬಂದ ವಿಎಚ್‌ಡಿಎಕ್ಸ್ 64 ಟಿಬಿವರೆಗೆ ಹೋಗುತ್ತದೆ. ಹೊಸದಾಗಿ ಮಾಡುವುದಾದರೆ ಎರಡನೆಯದೇ. ಅಜೂರ್‌ಗೆ ಅಪ್‌ಲೋಡ್ ಮಾಡುವಾಗ ಮಾತ್ರ ಫಿಕ್ಸ್ಡ್ ಬಗೆಯ ವಿಎಚ್‌ಡಿ ಬೇಕು, ಗಾತ್ರ ಎಂಬಿ ಲೆಕ್ಕದಲ್ಲಿ ಪೂರ್ಣಾಂಕ ಆಗಿರಬೇಕು. ಕ್ಯೂಎಮು-ಐಎಂಜಿಯಲ್ಲಿ ವಿಎಚ್‌ಡಿಯ ಹೆಸರು ವಿಪಿಸಿ ಅಂತ ಇದೆ. ವರ್ಚುವಲ್ ಪಿಸಿ ಕಾಲದ ಪಳೆಯುಳಿಕೆ ಅದು.

ಹೈಪರ್-ವಿ ಬಳಸದವರ ಬಳಿಯೂ ಒಂದು ವಿಎಚ್‌ಡಿಎಕ್ಸ್ ಇರುವ ಸಾಧ್ಯತೆ ಜಾಸ್ತಿ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 ತನ್ನ ಲಿನಕ್ಸನ್ನು ಇಡುವುದು ಅದರಲ್ಲೇ. ಅದು ಬೆಳೆಯುತ್ತದೆ, ಆದರೆ ಒಳಗೆ ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ. ಡಾಕರ್ ಇಮೇಜ್‌ಗಳನ್ನು ತೆಗೆದ ಮೇಲೂ ಸಿ ಡ್ರೈವ್ ಕೆಂಪಾಗೇ ಇದ್ದರೆ ಇದೇ ಕಾರಣ. ಡಬ್ಲ್ಯುಎಸ್‌ಎಲ್ ಶಟ್‌ಡೌನ್ ಮಾಡಿ, ಪವರ್‌ಶೆಲ್‌ನಲ್ಲಿ ಆಪ್ಟಿಮೈಜ್-ವಿಎಚ್‌ಡಿ ಕೊಡಿ. ವಿಂಡೋಸ್ ಹೋಮ್‌ನಲ್ಲಿ ಆ ಕಮಾಂಡ್ ಇಲ್ಲ. ಅಲ್ಲಿ ಡಿಸ್ಕ್‌ಪಾರ್ಟ್ ತೆರೆದು, ಆ ಫೈಲನ್ನು ಆರಿಸಿ, ರೀಡ್-ಓನ್ಲಿಯಾಗಿ ಅಟ್ಯಾಚ್ ಮಾಡಿ, ಕಾಂಪ್ಯಾಕ್ಟ್ ವಿಡಿಸ್ಕ್ ಕೊಟ್ಟು, ಡಿಟ್ಯಾಚ್ ಮಾಡಿದರೆ ಅದೇ ಫಲ.

ಇಮೇಜಿನ ಒಳಗೆ ಕೈ ಹಾಕಲು

ವಿಎಂ ಬೂಟ್ ಆಗುತ್ತಿಲ್ಲ, ಎಫ್‌ಸ್ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿಯಲ್ಲಿ) ಒಂದು ಸಾಲು ತಿದ್ದಬೇಕು. ಇಮೇಜ್ ಒಳಗೆ ಹೋಗುವುದು ಹೇಗೆ? ರಾ ಆದರೆ ಲೋಸೆಟಪ್ ಕಮಾಂಡಿಗೆ ಕ್ಯಾಪಿಟಲ್ ಪಿ ಕೊಟ್ಟರೆ ಪಾರ್ಟಿಷನ್‌ಗಳು ಸಮೇತ ಲೂಪ್ ಡಿವೈಸ್ ಆಗುತ್ತದೆ, ಮೌಂಟ್ ಮಾಡಬಹುದು. ಕ್ಯೂಕೌ2 ಆದರೆ ಕರ್ನಲ್‌ನ ಎನ್‌ಬಿಡಿ (ನೆಟ್‌ವರ್ಕ್ ಬ್ಲಾಕ್ ಡಿವೈಸ್) ಮಾಡ್ಯೂಲ್ ಲೋಡ್ ಮಾಡಿ ಕ್ಯೂಎಮು-ಎನ್‌ಬಿಡಿಯಿಂದ ಕನೆಕ್ಟ್ ಮಾಡಬೇಕು. ಎರಡಕ್ಕೂ ರೂಟ್ ಬೇಕು. ಎರಡೂ ವೇಗ, ಆದರೆ ಎರಡರಲ್ಲೂ ನಿಮ್ಮ ಹೋಸ್ಟಿನ ಕರ್ನಲ್ಲೇ ಆ ಫೈಲ್‌ಸಿಸ್ಟಂ ಓದುತ್ತದೆ. ಯಾರೋ ಕೊಟ್ಟ, ನಂಬಿಕೆ ಇಲ್ಲದ ಇಮೇಜನ್ನು ಹೀಗೆ ಮೌಂಟ್ ಮಾಡಬೇಡಿ. ಕೆಡಿಸಿಟ್ಟ ಫೈಲ್‌ಸಿಸ್ಟಂ ಒಂದು ಹೋಸ್ಟನ್ನೇ ಬೀಳಿಸಬಹುದು. ಎಲ್‌ವಿಎಂ ಇರುವ ಗೆಸ್ಟ್ ಆದರೆ ಇನ್ನೂ ಗೊಂದಲ. ಗೆಸ್ಟಿನ ವಾಲ್ಯೂಮ್ ಗ್ರೂಪಿನ ಹೆಸರೂ ಹೋಸ್ಟಿನದೂ ಒಂದೇ ಆದರೆ ಕಥೆ ಮುಗಿಯಿತು.

ಲಿಬ್‌ಗೆಸ್ಟ್‌ಎಫ್‌ಎಸ್ ಅನ್ನುವ ಟೂಲ್‌ಗಳ ಗುಂಪು ಇದನ್ನು ಬೇರೆ ಥರ ಮಾಡುತ್ತದೆ. ಅದು ಒಂದು ಪುಟ್ಟ ವಿಎಂ ಎಬ್ಬಿಸಿ, ಇಮೇಜನ್ನು ಅದಕ್ಕೆ ಜೋಡಿಸಿ, ಕೆಲಸವನ್ನು ಅದರೊಳಗೆ ಮಾಡಿಸುತ್ತದೆ. ಅದಕ್ಕೇ ಶುರುವಾಗಲು ಕೆಲವು ಸೆಕೆಂಡ್ ತಗೊಳ್ಳುತ್ತದೆ. ಆದರೆ ರೂಟ್ ಬೇಕಿಲ್ಲ, ಫಾರ್ಮ್ಯಾಟ್ ಯಾವುದು ಅನ್ನುವ ಚಿಂತೆಯೂ ಇಲ್ಲ. ಅದರ ವರ್ಟ್-ಎಡಿಟ್‌ನಲ್ಲಿ ಎಫ್‌ಸ್ಟ್ಯಾಬ್ ತಿದ್ದಬಹುದು. ವರ್ಟ್-ಕಸ್ಟಮೈಜ್‌ನಲ್ಲಿ ರೂಟ್ ಪಾಸ್‌ವರ್ಡ್ ಹಾಕಬಹುದು, ಪ್ಯಾಕೇಜ್ ಇನ್‌ಸ್ಟಾಲ್ ಮಾಡಬಹುದು. ವರ್ಟ್-ಸಿಸ್‌ಪ್ರೆಪ್ ಎಸ್‌ಎಸ್‌ಎಚ್ ಹೋಸ್ಟ್ ಕೀ, ಮೆಷಿನ್ ಐಡಿ ಮುಂತಾದವನ್ನು ಅಳಿಸಿ ಟೆಂಪ್ಲೇಟ್ ಮಾಡಿಕೊಡುತ್ತದೆ. ನನ್ನ ಮತ ಇದರ ಕಡೆಗೇ. ಉಬುಂಟುವಿನಲ್ಲಿ ಒಂದು ಕಿರಿಕಿರಿ ಇದೆ: ಬೂಟ್ ಫೋಲ್ಡರಿನ ಕರ್ನಲ್ ಫೈಲನ್ನು ರೂಟ್ ಬಿಟ್ಟು ಬೇರೆಯವರು ಓದುವ ಹಾಗಿಲ್ಲ, ಹಾಗಾಗಿ ಮಾಮೂಲಿ ಯೂಸರ್ ಆಗಿ ಓಡಿಸಿದರೆ ಲಿಬ್‌ಗೆಸ್ಟ್‌ಎಫ್‌ಎಸ್ ಸೋಲುತ್ತದೆ. ಆ ಫೈಲಿಗೆ ರೀಡ್ ಪರ್ಮಿಷನ್ ಕೊಟ್ಟರೆ ಸರಿಹೋಗುತ್ತದೆ.

ಹಿಗ್ಗಿಸುವುದು, ಕುಗ್ಗಿಸುವುದು

ಕ್ಯೂಎಮು-ಐಎಂಜಿ ರೀಸೈಜ್‌ಗೆ ಪ್ಲಸ್ 20 ಜಿ ಅಂತ ಕೊಟ್ಟರೆ ಡಿಸ್ಕ್ ದೊಡ್ಡದಾಗುತ್ತದೆ. ಪಾರ್ಟಿಷನ್ ಆಗುವುದಿಲ್ಲ, ಫೈಲ್‌ಸಿಸ್ಟಂ ಕೂಡ ಆಗುವುದಿಲ್ಲ. ಗೆಸ್ಟ್ ಒಳಗೆ ಗ್ರೋಪಾರ್ಟ್, ಆಮೇಲೆ ಎಕ್ಸ್‌ಟಿ4 ಆದರೆ ರೀಸೈಜ್2ಎಫ್‌ಎಸ್, ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್-ಗ್ರೋಎಫ್‌ಎಸ್. ಕ್ಲೌಡ್ ಇಮೇಜ್‌ಗಳು ಬೂಟ್ ಆಗುವಾಗ ಇದನ್ನು ತಾವೇ ಮಾಡಿಕೊಳ್ಳುತ್ತವೆ. ರೂಟ್ ಪಾರ್ಟಿಷನ್ ಮುಗಿದ ಕೂಡಲೇ ಸ್ವಾಪ್ ಪಾರ್ಟಿಷನ್ ಕೂತಿದ್ದರೆ ಗ್ರೋಪಾರ್ಟ್ ಕೈ ಚೆಲ್ಲುತ್ತದೆ. ಅಂಥ ಕಡೆ ವರ್ಟ್-ರೀಸೈಜ್ ಒಳ್ಳೆಯದು. ಅದು ಹಳೆಯ ಇಮೇಜ್ ಮುಟ್ಟದೆ, ನೀವು ಮಾಡಿಟ್ಟ ಹೊಸ ದೊಡ್ಡ ಇಮೇಜಿಗೆ ಕಾಪಿ ಮಾಡುತ್ತಾ ಬೇಕಾದ ಪಾರ್ಟಿಷನ್ ಹಿಗ್ಗಿಸುತ್ತದೆ. ಜಾಗ ಎರಡರಷ್ಟು ಬೇಕು, ಆದರೆ ಏನಾದರೂ ಕೆಟ್ಟರೆ ಹಳೆಯದು ಹಾಗೇ ಇರುತ್ತದೆ.

ಕುಗ್ಗಿಸುವುದು ಅನ್ನುವಾಗ ಜನ ಎರಡು ಬೇರೆ ಕೆಲಸಗಳನ್ನು ಬೆರೆಸುತ್ತಾರೆ. ಹೋಸ್ಟಿನಲ್ಲಿ ಫೈಲ್ ತಿಂದ ಜಾಗ ವಾಪಸ್ ಬೇಕು ಅನ್ನುವುದು ಒಂದು. ಇದು ಸುರಕ್ಷಿತ. ವಿಎಂನ ಡಿಸ್ಕಿಗೆ ಡಿಸ್ಕಾರ್ಡ್ ಅನ್‌ಮ್ಯಾಪ್ ಅಂತ ಸೆಟ್ ಮಾಡಿ, ಗೆಸ್ಟ್ ಒಳಗೆ ಎಫ್‌ಎಸ್‌ಟ್ರಿಮ್ ಓಡಿಸಿದರೆ ಆಯಿತು. ವರ್ಟ್‌ಐಒ ಬ್ಲಾಕ್ ಡಿಸ್ಕಿಗೆ ಈ ಸೌಲಭ್ಯ ಕ್ಯೂಎಮು 4.0ರಿಂದ ಇದೆ. ವಿಎಂ ನಿಂತಿದ್ದರೆ ವರ್ಟ್-ಸ್ಪಾರ್ಸಿಫೈಯನ್ನು ಇನ್-ಪ್ಲೇಸ್ ಆಯ್ಕೆಯ ಜೊತೆ ಬಳಸಿ. ವರ್ಚುವಲ್‌ಬಾಕ್ಸ್‌ನಲ್ಲಿ ಮೊದಲು ಗೆಸ್ಟ್ ಒಳಗಿನ ಖಾಲಿ ಜಾಗಕ್ಕೆ ಸೊನ್ನೆ ತುಂಬಬೇಕು: ಲಿನಕ್ಸ್ ಆದರೆ ಜೀರೋಫ್ರೀ, ವಿಂಡೋಸ್ ಆದರೆ ಎಸ್‌ಡಿಲೀಟ್‌ನ ಜಡ್ ಆಯ್ಕೆ. ಆಮೇಲೆ ಮಾಡಿಫೈಮೀಡಿಯಂ ಕಾಂಪ್ಯಾಕ್ಟ್.

ಇನ್ನೊಂದು, 100 ಜಿಬಿ ಡಿಸ್ಕನ್ನು 50 ಜಿಬಿ ಮಾಡುವುದು. ಮೊದಲು ಫೈಲ್‌ಸಿಸ್ಟಂ, ಆಮೇಲೆ ಪಾರ್ಟಿಷನ್, ಕೊನೆಗೆ ಶ್ರಿಂಕ್ ಆಯ್ಕೆ ಕೊಟ್ಟು ರೀಸೈಜ್. ಈ ಕ್ರಮ ತಪ್ಪಿದರೆ ಡೇಟಾ ಕತ್ತರಿಸಿಹೋಗುತ್ತದೆ. ಎಕ್ಸ್‌ಎಫ್‌ಎಸ್ ಇದ್ದರೆ ಆ ಆಸೆ ಬಿಡಿ, ಅದನ್ನು ಹೀಗೆ ಕುಗ್ಗಿಸಲು ಬರುವುದಿಲ್ಲ. ನಿಜ ಹೇಳಬೇಕೆಂದರೆ, ಬರೆದಷ್ಟೇ ಜಾಗ ತಿನ್ನುವ ಫಾರ್ಮ್ಯಾಟ್‌ನಲ್ಲಿ ಡಿಸ್ಕಿನ ಮೇಲಿನ ಸಂಖ್ಯೆ 100 ಇದ್ದರೇನು, 50 ಇದ್ದರೇನು? ಈ ಕೆಲಸದ ಅಗತ್ಯ ಬೀಳುವುದೇ ಅಪರೂಪ.

ಗೆಸ್ಟ್ ಒಳಗೆ ಮಾಡುವ ಕೆಲಸ ಬಿಟ್ಟರೆ, ಇಮೇಜನ್ನು ಹೊರಗಿನಿಂದ ಮುಟ್ಟುವ ಈ ಕೆಲಸಗಳಿಗೆಲ್ಲ ವಿಎಂ ನಿಂತಿರಬೇಕು. ಕ್ಯೂಎಮು 2.10ರಿಂದ ಇಮೇಜಿಗೆ ಬೀಗ ಬೀಳುತ್ತದೆ. ರೈಟ್ ಲಾಕ್ ಸಿಗಲಿಲ್ಲ ಅನ್ನುವ ಎರರ್ ಬಂದರೆ ವಿಎಂ ಎಲ್ಲೋ ಇನ್ನೂ ಓಡುತ್ತಿದೆ ಅಂತ ಅರ್ಥ. ಆ ಎರರ್ ದಾಟಲು ಕ್ಯಾಪಿಟಲ್ ಯು ಆಯ್ಕೆ ಇದೆ. ಇನ್ಫೋ ನೋಡಲು ಅದನ್ನು ಧಾರಾಳವಾಗಿ ಬಳಸಿ. ಕನ್ವರ್ಟ್‌ಗೆ ಬಳಸಿದರೆ ಕಮಾಂಡ್ ಏನೋ ಓಡುತ್ತದೆ, ಆದರೆ ಕಾಪಿ ಅರ್ಧ ಹಳೆಯದು ಅರ್ಧ ಹೊಸದು ಆಗಿರಬಹುದು. ಬೂಟ್ ಮಾಡಿ ನೋಡುವವರೆಗೂ ಅದು ಗೊತ್ತಾಗುವುದಿಲ್ಲ.